ಸಾವಿರ ಸುತ್ತು

ನಿನ್ನೆ ಸಂಜೆ ಬೈಕಿನ ಕಾರ್ಬ್ಯುರೇಟರಿನಲ್ಲಿ ಎಂಜಿನ್ನಿನ ವೇಗ ಹೊಂದಿಸುವ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹದವರೆಗೆ ಉಗುರುಬಣ್ಣದಲ್ಲಿ ಎಳೆದಿದ್ದ ಕೆಂಪು ಗೆರೆ ಬೆಳಗಾಗುವಷ್ಟರಲ್ಲಿ ತುಂಡಾಗಿತ್ತು. ವೀಕ್ಷಾ ಮಂಡಿಯೂರಿ ಟಾರ್ಚು ಹಿಡಿದು ನೋಡಿದಳು. ಲೋಹದ ಮೇಲಿನ ಅರ್ಧ ಇದ್ದಲ್ಲೇ ಇತ್ತು. ಸ್ಕ್ರೂವಿನ ಮೇಲಿನ ಅರ್ಧ ತಿರುಗಿ ಕೆಳಗೆ ಹೋಗಿತ್ತು. ಎದ್ದು ಕಿಕ್ ಹೊಡೆದಳು. ಎಂಜಿನ್ ಶುರುವಾದದ್ದೇ ತಡ, ಆಕ್ಸಿಲರೇಟರನ್ನು ಮುಟ್ಟುವ ಮೊದಲೇ ರೇಸ್ ಆಗತೊಡಗಿ, ಅಪಾರ್ಟ್‌ಮೆಂಟಿನ ತಳದ ಪಾರ್ಕಿಂಗೆಲ್ಲ ಗದಗುಟ್ಟಿತು. ಸದ್ದಿನಿಂದ ವೇಗ ಅಳೆಯುವ ಆ್ಯಪ್ ಅವಳ ಫೋನಿನಲ್ಲಿ ಲೆಕ್ಕ ಕೊಟ್ಟಿತು: ನಿಮಿಷಕ್ಕೆ ಎರಡು ಸಾವಿರದ ನಾನೂರು ಸುತ್ತು. ಬೈಕು ನಿಂತಲ್ಲೇ ಇರುವಾಗ ಇರಬೇಕಾದದ್ದು ಸಾವಿರ. ನಿನ್ನೆ ಅವಳು ಹೊಂದಿಸಿಟ್ಟದ್ದೂ ಸಾವಿರವೇ.

ತಮ್ಮ ಬಡಾವಣೆ ವೇಲಚೇರಿಗೆ ನುಗ್ಗಿದ ನೆರೆನೀರಿನಲ್ಲಿ ಮೂರು ದಿನ ಮುಳುಗಿದ್ದ ಅಪ್ಪ ಭೋಜರಾಜರ ಹಳೆಯ ಬೈಕನ್ನು ತಂದೆ ಮಗಳು ಸೇರಿ, ಹಳೆ ಗಾಡಿಗಳ ಸಾಮಾನು ಮಾರುವ ಪುದುಪೇಟೆಯಿಂದ ಒಂದೊಂದೇ ಬಿಡಿಭಾಗ ತಂದು, ಎಂಟು ತಿಂಗಳಲ್ಲಿ ಎಬ್ಬಿಸಿ ನಿಲ್ಲಿಸಿದ್ದರು. ಓಡತೊಡಗಿದ ವಾರದಲ್ಲೇ ಈ ಕಾಟ ಶುರುವಾಯಿತು. ಎಂ.ಎಸ್ಸಿ. ಮುಗಿಸಿದ್ದ ವೀಕ್ಷಾ ಕಾರಣಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು, ಪರೀಕ್ಷಿಸಿದ್ದಕ್ಕೆ ಗೀಟು ಎಳೆಯುತ್ತ ಬಂದಿದ್ದಳು. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದರೂ ಕೇಬಲ್ ಬಿಗಿಯುತ್ತಿರಲಿಲ್ಲ. ಗಾಳಿ ಸೋರುತ್ತಿದೆಯೇನೋ ಎಂದು ರಬ್ಬರಿನ ಜೋಡಣೆಗೆ ಸೋಪಿನ ನೀರು ಸವರಿದರೂ ಸದ್ದು ಬದಲಾಗಿರಲಿಲ್ಲ. ಸಂಜೆ ಸರಿಹೋದದ್ದು ಬೆಳಿಗ್ಗೆ ಮತ್ತೆ ಹಾಳಾಗಿರುತ್ತಿತ್ತು. ಮೊನ್ನೆ ಗುರುವಾರ ಮನೆ ಹತ್ತಿರದ ವಿಜಯನಗರದ ಸಿಗ್ನಲ್ಲಿನಲ್ಲಿ ಕ್ಲಚ್ ಬಿಟ್ಟೊಡನೆ ಬೈಕು ಮುಂದಕ್ಕೆ ಹಾರಿ, ಬಸ್ಸಿನ ಹಿಂಬದಿಗೆ ಒಂದು ಗೇಣು ಉಳಿದಿರುವಾಗ ನಿಂತಿತ್ತು. ಅಪ್ಪ ಅದನ್ನು ನಗುತ್ತ ಹೇಳಿದ್ದರು. ಆಮೇಲೆ ಮೂರು ರಾತ್ರಿ ವೀಕ್ಷಾಳಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಇವತ್ತು ಹತ್ತು ಗಂಟೆಗೆ ಅಪ್ಪ ನಗರದ ಇನ್ನೊಂದು ತುದಿಯ ಮಣಲಿಗೆ, ನೆಂಟರ ಗೃಹಪ್ರವೇಶಕ್ಕೆ, ಇದೇ ಬೈಕಿನಲ್ಲಿ ಹೊರಡುವವರಿದ್ದರು. ಆ ರಸ್ತೆಯಲ್ಲಿ ಟ್ಯಾಂಕರ್ ಲಾರಿಗಳು ಒಂದಕ್ಕೊಂದು ಮೂಗು ತಾಗಿಸಿಕೊಂಡೇ ಓಡುತ್ತವೆ. ಆಟೋದಲ್ಲಿ ಕುಳಿತರೂ ತಲೆಸುತ್ತು ಬರುತ್ತದೆ ಎನ್ನುವ ಅಮ್ಮ ರತ್ನಾವತಿ, ಮೂವತ್ತು ವರ್ಷಗಳಲ್ಲಿ ಆ ಬೈಕು ಹತ್ತಿದವರಲ್ಲ. ಈ ಸಲ ಮಾತ್ರ ತಾನೂ ಹಿಂದೆ ಕೂರುತ್ತೇನೆಂದು ಹಟ ಹಿಡಿದಿದ್ದರು. ರೈಲಿನಲ್ಲಿ ಹೋಗಿ ಎಂದು ವೀಕ್ಷಾ ಬೇಡಿಕೊಂಡಾಗ ಅವರು ಹೇಳಿದ್ದು ಒಂದೇ ಮಾತು: "ನಾನು ಬರದಿದ್ರೆ ಇವರೊಬ್ರೇ ಹೋಗ್ಬೇಕಲ್ಲ."

ವೀಕ್ಷಾ ತುಂಡಾದ ಗೆರೆಯನ್ನು ಮತ್ತೊಮ್ಮೆ ನೋಡಿದಳು. ಎಂಜಿನ್ನಿನ ಅದುರುವಿಕೆಗೆ ಸ್ಕ್ರೂ ಸಡಿಲಾಗಿದ್ದರೆ ಅದು ಹೊರಕ್ಕೆ ಬರಬೇಕಿತ್ತು, ವೇಗ ತಗ್ಗಬೇಕಿತ್ತು. ಇದು ಒಳಕ್ಕೆ ಹೋಗಿತ್ತು. ಅಂದರೆ ಯಾರೋ ಕೈಯಾರೆ ತಿರುಗಿಸಿದ್ದರು. ಬೈಕಿಗಿದ್ದದ್ದು ಒಂದೇ ಕೀಲಿ. ಮುಂಜಾನೆ ಎಲ್ಲರಿಗಿಂತ ಮೊದಲು ಅದನ್ನು ಹಿಡಿದು ಕೆಳಗಿಳಿಯುವವರೂ ಒಬ್ಬರೇ.

ಭೋಜರಾಜರು ಹೆಲ್ಮೆಟ್ಟು ಹಿಡಿದು ಮೆಟ್ಟಿಲಿಳಿದು ಬಂದರು. ಹೋಟೆಲಿನ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಹಿಟ್ಟು ರುಬ್ಬುವ ದೊಡ್ಡ ಯಂತ್ರಗಳ ನಡುವೆ ನಿಂತವರು ಅವರು. ಕಾವಲಿಗೆ ನೀರು ಚಿಮುಕಿಸಿ, ಚುಂಯ್ ಎನ್ನುವ ಸದ್ದಿನಿಂದಲೇ ಅದರ ಹದ ಹೇಳುತ್ತಿದ್ದವರು. ಎಂಜಿನ್ನನ್ನೂ ಕಿವಿಯಿಂದಲೇ ಹದ ಮಾಡಬೇಕೆಂಬುದು ಅವರ ಮತ. ಮಾತಾಡುವಾಗ ಅವರು ಎದುರಿನವರ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ಅದು ಹೋಟೆಲಿನಲ್ಲಿ ಕಲಿತ ಮರ್ಯಾದೆ ಎಂದೇ ವೀಕ್ಷಾ ನಂಬಿದ್ದಳು.

"ಅಪ್ಪ, ಈ ಸ್ಕ್ರೂ ತಿರುಗಿಸಿದ್ದು ನೀವಾ?"

"ಹೌದು, ಒಂಚೂರು. ನಿನ್ನ ಸೆಟ್ಟಿಂಗಿನಲ್ಲಿ ಎಂಜಿನ್ ನಿಂತೇ ಹೋಗ್ತದೆ ಮಾರಾಯ್ತಿ."

"ನಿಲ್ಲೋದಿಲ್ಲ ಅಪ್ಪ. ಸುಮ್ಮಾ ಸುಮ್ಮಾ ತಿರುಗಿಸ್ಬೇಡಿ. ಫೋನಿನಲ್ಲಿ ನೋಡಿ, ಎಷ್ಟು ತೋರಿಸ್ತಾ ಉಂಟು."

"ನಿನ್ನ ಫೋನಿಗೆ ಎಂತ ಗೊತ್ತು? ಅದೇನು ಕಾವಲಿ ಮುಂದೆ ನಿಂತಿತ್ತಾ?" ಎಂದು ನಕ್ಕು, ಅವರು ಆ ಕಡೆಗೆ ತಿರುಗಿ ಹೆಲ್ಮೆಟ್ಟಿನ ಗಾಜು ಒರೆಸತೊಡಗಿದರು.

ನಿನ್ನೆ ಸಂಜೆ ಅವಳು ಸಾವಿರದಲ್ಲಿಟ್ಟು ಒಂದು ಗಂಟೆ ಓಡಿಸಿ ನೋಡಿದ್ದಳು. ಎಂಜಿನ್ ಒಮ್ಮೆಯೂ ನಿಂತಿರಲಿಲ್ಲ. ಹಾಗಿದ್ದರೆ ಅಪ್ಪ ಕಂಡದ್ದೇನು? ಅವಳು ಮತ್ತೆ ಮಂಡಿಯೂರಿ ಸ್ಕ್ರೂಡ್ರೈವರನ್ನು ನಿಧಾನವಾಗಿ ತಿರುಗಿಸಿದಳು. ಗದ್ದಲ ತಗ್ಗಿತು. ಎರಡು ಸಾವಿರ, ಸಾವಿರದ ಐನೂರು, ಸಾವಿರ. ಕೆಂಪು ಗೆರೆ ಮತ್ತೆ ಒಂದಾಯಿತು. ಎಂಜಿನ್ ಒಂದೊಂದು ಬಡಿತವನ್ನೂ ಎಣಿಸಬಹುದೆನ್ನುವಷ್ಟು ಸಮಾಧಾನದಿಂದ ಓಡುತ್ತಿತ್ತು.

"ಹೊರಡುವ ಹೊತ್ತಿಗೆ ಎಂಜಿನ್ ಆಫ್ ಮಾಡಿದ್ದು ಯಾಕೆ?" ಬೆನ್ನು ತಿರುಗಿಸಿಕೊಂಡೇ ಅಪ್ಪ ಕೇಳಿದರು.

ವೀಕ್ಷಾ ಓಡುತ್ತಲೇ ಇದ್ದ ಎಂಜಿನ್ನಿನಿಂದ ತಲೆಯೆತ್ತಿದಳು. ಮೆಟ್ಟಿಲ ಬಳಿ ಅಮ್ಮ ಬಂದು ನಿಂತಿದ್ದರು, ರೇಷ್ಮೆ ಸೀರೆ, ಕೈಯಲ್ಲಿ ಹೆಲ್ಮೆಟ್ಟು. ಮಗಳು ಅವರ ಮುಖದಲ್ಲಿ ಆಶ್ಚರ್ಯವನ್ನು ಹುಡುಕಿದಳು. ಅದು ಅಲ್ಲಿರಲಿಲ್ಲ.

ರತ್ನಾವತಿ ಹೆಲ್ಮೆಟ್ಟನ್ನು ಮೆಟ್ಟಿಲ ಮೇಲಿಟ್ಟು ಬಂದು, ಗಂಡನ ಬಲಗೈ ಹಿಡಿದು, ಅಂಗೈಯನ್ನು ಟ್ಯಾಂಕಿನ ಮೇಲೆ ಒತ್ತಿದರು. ಗಂಡ ತಮ್ಮ ಮುಖ ನೋಡುವವರೆಗೆ ಕಾದು, "ಓಡ್ತಾ ಉಂಟು" ಎಂದರು.

ಕಿವಿಗೆ ಕೇಳದ ಬಡಿತ ಭೋಜರಾಜರ ಅಂಗೈಗೆ ತಾಗಿತು. ಅವರು ಎಡಗೈಯಿಂದ ತಾವೇ ಕೀಲಿ ತಿರುಗಿಸಿ, ಅದನ್ನು ಕಿತ್ತು ಮಗಳತ್ತ ಚಾಚಿದರು. "ಅಪ್ಪ" ಎಂದಳು ವೀಕ್ಷಾ. ಅವರ ಬಲಗೈ ಇನ್ನೂ ಟ್ಯಾಂಕಿನ ಮೇಲೆಯೇ ಇತ್ತು. ಅವರು ಯಾರ ಮುಖವನ್ನೂ ನೋಡಲಿಲ್ಲ.