ಹಾಲಮ್ಮನ ಕಿವಿಬಿಲ್ಲೆ

ದನಿಯ ಕರ್ಕಶವನ್ನು ಸೋಸಿ ಮೆತ್ತಗೆ ಕೇಳಿಸುವ ಬಿಲ್ಲೆ ಊರಿನವರ ಕಿವಿಗೆಲ್ಲ ಬಂದ ಮೇಲೆ ತಿಪ್ಪೇಶಪ್ಪ ದನಿ ತಗ್ಗಿಸುವ ಗೋಜಿಗೇ ಹೋಗಿರಲಿಲ್ಲ. ಎಷ್ಟು ಅರಚಿದರೂ ಹೆಂಡತಿ ಹಾಲಮ್ಮನಿಗೆ ನಯವಾಗಿಯೇ ಕೇಳುತ್ತದಲ್ಲ! ಅಂದು ಬೆಳಿಗ್ಗೆಯೂ ಉಪ್ಪಿಟ್ಟು ಸಪ್ಪೆಯಾಯಿತೆಂದು ಅವಳ ಸತ್ತ ತಾಯಿಯನ್ನೂ ಸೇರಿಸಿ ಬೈದಿದ್ದ.

ಹಳೇ ಬಿಲ್ಲೆ ಬದಲಿಸಲು ಮನೆಗೆ ಬಂದ ರಿಪೇರಿಯವನು ಹಾಲಮ್ಮನದರಲ್ಲಿ ದಾಖಲಾಗಿದ್ದ ಬಳಕೆಯ ಲೆಕ್ಕ ನೋಡಿ ನಕ್ಕ.

"ಏನಕ್ಕಾ, ಒಂಬತ್ತು ವರ್ಷದಾಗೆ ಒಂದೇ ದಿನ ಹಾಕ್ಕೊಂಡೀರಲ್ಲ!"

"ಹಾಕ್ಕೊಂಡ್ರೆ ಒಗ್ಗರಣೇಲಿ ಸಾಸಿವೆ ಸಿಡಿಯೋದು ಕೇಳ್ತಿರ್ಲಿಲ್ಲಪ್ಪ. ತೆಗೆದಿಟ್ಟುಬಿಟ್ಟೆ."

ತಿಪ್ಪೇಶಪ್ಪನ ಮುಖ ಕಪ್ಪಿಟ್ಟಿತು. "ಹಂಗಾರೆ ನಾನು ಬೈದಿದ್ದೆಲ್ಲ...?"

"ಬೈದಂಗೇ ಕೇಳಿಸ್ತು ಕಣ್ರೀ," ಎಂದಳು ಹಾಲಮ್ಮ, ಅವನತ್ತ ನೋಡದೆ.

ರಿಪೇರಿಯವನು ತಲೆ ತಗ್ಗಿಸಿದ. ತಪ್ಪಾಯಿತು ಅನ್ನಲು ತಿಪ್ಪೇಶಪ್ಪ ಬಾಯಿ ತೆರೆದ. ಮೆತ್ತಗೆ ಮಾತಾಡುವ ಅಭ್ಯಾಸವೇ ತಪ್ಪಿದ್ದರಿಂದ ಬರೀ ಉಸಿರು ಹೊರಬಂತು.