ಸತ್ತವರ ಪಾಲು

ಮನೆಯಲ್ಲೊಬ್ಬರು ತೀರಿಕೊಂಡರೆ ಗೋಡೆ ಅವರ ಪಾಲಿನಷ್ಟು ಒಳಕ್ಕೆ ಸರಿದು, ಆ ಜಾಗ ಪಕ್ಕದ ಮನೆಯ ಹೊಸ ಕೂಸಿಗೆ ಸೇರುವುದು ಆ ಕಟ್ಟಡದ ವಾಡಿಕೆ. ಭಾಗೀರಥಮ್ಮನ ಗಂಡ ಹೋದ ಮೂರನೆಯ ದಿನವೇ, ಅವರನ್ನು ಮಲಗಿಸಿದ್ದ ಕಡೆ ಹಚ್ಚಿಟ್ಟಿದ್ದ ದೀಪದತ್ತ ಗೋಡೆ ಸರಿಯತೊಡಗಿತು. ಭಾಗೀರಥಮ್ಮ ಎದ್ದುಬಂದು ದೀಪಕ್ಕೂ ಗೋಡೆಗೂ ನಡುವೆ ಬೆನ್ನುಕೊಟ್ಟು ಕುಳಿತರು. ಉಸಿರಾಡುವ ಮೈ ತಾಗಿದ್ದೇ ಗೋಡೆ ನಿಂತಿತು.

ಮೇಲ್ವಿಚಾರಕ ಓಡಿಬಂದ. “ಏಳಿ ಅಜ್ಜಿ, ಆಚೆ ಬಾಣಂತಿಗೆ ಕಾಲು ಚಾಚೋಕೂ ಜಾಗವಿಲ್ಲ.”

“ವೈಕುಂಠ ಸಮಾರಾಧನೆ ಆಗೋವರೆಗೂ ಅವರು ಇಲ್ಲೇ ಇರ್ತಾರೆ ಕಣಯ್ಯಾ. ಎಲ್ಲಿ ನಿಲ್ಲಬೇಕು ಅವರು, ನಿನ್ನ ತಲೆ ಮೇಲಾ?”

“ದೀಪಾನ ಅಡುಗೆಕಟ್ಟೆ ಮೇಲಿಡಿ.”

“ಸತ್ತವರ ದೀಪ ಕದಲಿಸಬಾರದು ಅಂತ ನಿನ್ನ ಹೆತ್ತವಳು ಹೇಳಿಕೊಡಲಿಲ್ವಾ?”

ಗೋಡೆಯಾಚೆ ಕೂಸು ಅತ್ತಿತು. ಭಾಗೀರಥಮ್ಮ ಒಂದು ಗಳಿಗೆ ಕಣ್ಣು ಮುಚ್ಚಿದರು. ಕೋಪ ಮಾತ್ರ ಇಳಿಯಲಿಲ್ಲ.

“ಕೂಸಿಗೆ ಜಾಗ ಬೇಕು ತಾನೆ? ಗೋಡೆಯ ಆ ತುದಿ ತಳ್ಳು, ನಾನು ಮಲಗೋ ಕಡೆ. ಅದು ನನ್ನ ಪಾಲು, ತಗೊಂಡು ಹೋಗು.”

“ಬದುಕಿರೋರ ಪಾಲು ಮುಟ್ಟೋ ಹಾಗಿಲ್ಲ ಅಜ್ಜಿ.”

“ಹಾಗಾದ್ರೆ ಸತ್ತವಳು ನಾನು ಅಂತ ಬರಕೋ ಹೋಗು!” ಎಂದು ಗದರಿ, ಭಾಗೀರಥಮ್ಮ ದೀಪಕ್ಕೆ ಎಣ್ಣೆ ಹೊಯ್ದರು.