ಮಾನಿಟರ್ ಮೇಲಿನ ಬಿಂದಿ

ಕೆಲಸದಲ್ಲಿ ಸುಸ್ತಾಗಿ ಕೂತಿದ್ದರೆ ಇದನ್ನೊಮ್ಮೆ ಓದಿ…

ಆಸ್ಪತ್ರೆಗಳ ಕಂಪ್ಯೂಟರ್ ಸ್ಕ್ರೀನಿನಲ್ಲಿ ಯಾವುದು ಎಲ್ಲಿ ಕಾಣಬೇಕೆಂದು ಜೋಡಿಸುವುದು ಭಾರ್ಗವಿಯ ಕೆಲಸ. ರೋಗಿಯ ಹೆಸರಿನ ಪ್ಯಾನೆಲ್ ಎಲ್ಲಿರಬೇಕು, ಔಷಧಿಯದು ಎಲ್ಲಿ, ಅಲರ್ಜಿಯದು ಎಲ್ಲಿ… ದಿನವೆಲ್ಲ ಅದೇ.

"ಸ್ವಲ್ಪ ಎಡಕ್ಕೆ ತಗೊಳ್ಳಿ" ಅನ್ನುತ್ತಿದ್ದರು ಮ್ಯಾನೇಜರ್. ತಗೊಂಡರೆ, "ಮೊದಲಿದ್ದದ್ದೇ ಚೆನ್ನಾಗಿತ್ತೇನೋ" ಅಂತ ಅವರೇ.

ಹದಿನೇಳನೇ ಸಲ ಅವಳಿಗೆ ಸಾಕಾಗಿಹೋಯಿತು. ಮೇಲೆ ಬಲಗಡೆ ಇದ್ದ ಅಲರ್ಜಿ ಪ್ಯಾನೆಲನ್ನು ಎಳೆದು ಕೆಳಗಿನ ಎಡಮೂಲೆಗೆ ಹಾಕಿದಳು.

ನೀಟಾಗಿ ಕಂಡಿತು. ಮೀಟಿಂಗಿನಲ್ಲಿ ಎಲ್ಲರೂ ಒಪ್ಪಿದರು. ಆಸ್ಪತ್ರೆಯವರನ್ನು ಒಂದು ಮಾತು ಕೇಳುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಮೂರೇ ದಿನಕ್ಕೆ ಒಂದು ನರ್ಸಿಂಗ್ ಹೋಮ್‌ನಿಂದ ಫೋನ್… "ನಮಗೆ ಹಳೇ ಸ್ಕ್ರೀನೇ ಕೊಡಿ."

ಗೊಣಗುತ್ತಲೇ ಹೋದಳು. ನೋಡಿದರೆ, ವಾರ್ಡಿನ ಮಾನಿಟರ್ ಗಾಜಿನ ಮೇಲಿನ ಬಲಮೂಲೆಯಲ್ಲಿ ಒಂದು ಸ್ಟಿಕ್ಕರ್ ಬಿಂದಿ.

"ಏನ್ ಸಿಸ್ಟರ್, ಆಯುಧಪೂಜೆ ಮುಗಿದು ತಿಂಗಳಾಯ್ತು. ಕಂಪ್ಯೂಟರ್ ಕುಂಕುಮ ಇನ್ನೂ ತೆಗೆದಿಲ್ವಾ?" ಎನ್ನುತ್ತಾ ಉಗುರಿನಿಂದ ಕಿತ್ತು ಎಸೆದಳು.

ಹಿರಿಯ ನರ್ಸ್ ಪುಟ್ಟಗೌರಮ್ಮ ನಗಲಿಲ್ಲ.

"ಅದು ಪೂಜೆದಲ್ಲ ಮೇಡಂ. ಮೂವತ್ತೆರಡು ಬೆಡ್‌ಗೆ ನಾವಿಬ್ರೇ. ಎಲ್ಲಾ ಓದ್ಕೊಂಡು ಕೂರಕ್ಕೆ ಆಗಲ್ಲ. ಬಿಂದಿ ಹತ್ರ ಕೆಂಪಕ್ಷರ ಕಂಡ್ರೆ ಅಲರ್ಜಿ ಐತೆ ಅಂತ ಕೈ ನಿಲ್ಲಿಸ್ತೀನಿ. ಖಾಲಿ ಇದ್ರೆ ಇಂಜೆಕ್ಷನ್ ಕೊಡ್ತೀನಿ."

ಕೈಯಲ್ಲಿದ್ದ ಸೂಜಿಯ ಟ್ರೇ ಕೆಳಗಿಟ್ಟರು…

"ಮೊನ್ನೆ ಬಿಂದಿ ಹತ್ರ ಖಾಲಿ ಇತ್ತು. ಮಗೀನ ಕೈ ಹಿಡ್ಕೊಂಡು ಸೂಜಿ ಚುಚ್ಚೋದ್ರಲ್ಲಿದ್ದೆ. ಅವ್ರಜ್ಜಿ, 'ಹೋದ್ಸಲ ಈ ಸೂಜಿಗೇ ಮೈಯೆಲ್ಲ ಊದ್ಕೊಂಡಿತ್ತು ಕಣವ್ವ' ಅಂದ್ರು… ಮಗು ಉಳ್ಕೊಂತು. ಇಪ್ಪತ್ತಾರು ವರ್ಷ ಸರ್ವಿಸ್ ಆಗೈತೆ, ನಾನು ಓದ್ಬೇಕಿತ್ತು. ತಪ್ಪು ನಂದೇ ಬಿಡಿ."

ತಪ್ಪು ಯಾರದೆಂದು ಭಾರ್ಗವಿಗೆ ಗೊತ್ತಿತ್ತು.

ಅಲ್ಲೇ ಸ್ಟೂಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಹದಿನೆಂಟನೇ ಸಲ ಅದೇ ಪ್ಯಾನೆಲ್ ಹಿಡಿದು ಮತ್ತೆ ಮೇಲಕ್ಕೆ ಎಳೆದಳು. ಕಣ್ಣು ತುಂಬಿ ಸ್ಕ್ರೀನ್ ಸರಿಯಾಗಿ ಕಾಣಲಿಲ್ಲ.

"ಸಿಸ್ಟರ್… ಬಿಂದಿ ಎಲ್ಲಿತ್ತು ಅಂತ ಸ್ವಲ್ಪ ತೋರಿಸ್ತೀರಾ?"

ಪುಟ್ಟಗೌರಮ್ಮ ತಮ್ಮ ಹಣೆಯ ಬಿಂದಿ ತೆಗೆದು ಗಾಜಿಗೆ ಒತ್ತಿದರು.

"ಇಲ್ಲಿ ಕಣಮ್ಮ."

…

ನಮಗೆ ಸಾಕುಸಾಕಾದ ಕೆಲಸವನ್ನೇ ಎಲ್ಲೋ ಒಬ್ಬರು ಕಣ್ಣುಮುಚ್ಚಿ ನಂಬಿಕೊಂಡಿರುತ್ತಾರೆ.

ನೀವು ಇವತ್ತು ಬೇಸರದಲ್ಲಿ ಅತ್ತಿತ್ತ ಸರಿಸಿದ್ದರ ಮೇಲೆ ಯಾರ ಬಿಂದಿ ಇತ್ತು… ನೋಡಿದ್ದೀರಾ?